ಉಪವಾಸವಿದ್ದ ಕೌದಿ

ಮೊನ್ನೆ ಮಧ್ಯಾಹ್ನ ಊಟ ಮಾಡಿ ಅಡ್ಡಾಗಿದ್ದೆ. ಫ್ಯಾನಿನ ಗಾಳಿ ಜೋರಾಯಿತೆಂದು ಕಾಲ ಬಳಿಯಿದ್ದ ಕೌದಿಯನ್ನು ಎಳೆದುಕೊಂಡರೆ ಕಾಲಿನ ಹೆಬ್ಬೆರಳು ಅದರ ಮೂಲೆಯ ಹರಕಿನಲ್ಲಿ ಸಿಕ್ಕಿಕೊಂಡಿತು. ಬಿಡಿಸಿಕೊಳ್ಳಲು ಹೋಗಿ ಇನ್ನೊಂದಿಷ್ಟು ಹರಿಯಿತು. "ಆ ಮೂಲಿ ಹೊಲಿಸ್ಕೊಂಡು ಬರ್ರಿ ಅಂತ ಹೇಳಿ ಹೇಳಿ ನನ್ನ ಬಾಯಿ ಹರದೇತಿ," ಎಂದು ಒಳಗಿನಿಂದ ಹೆಂಡತಿಯ ದನಿ ಬಂತು. ಗಜೇಂದ್ರಗಡದ ಪೇಟೆಯಲ್ಲಿ ಜನ್ಮವಿಡೀ ಸೀರೆ ಮಾರಿದವನ ಮನೆಯಲ್ಲಿ ಹರಕು ಕೌದಿ! ಆದರೆ ಆ ಹರಕಿಗೂ ಒಂದು ಕಥೆಯಿದೆ, ಪುರಸೊತ್ತಿದ್ದರೆ ಕೇಳಿ. ಅಂಗಡಿಯನ್ನು ತಮ್ಮನಿಗೆ ಬಿಟ್ಟುಕೊಟ್ಟ ಮೇಲೆ ನನಗಂತೂ ಪುರಸೊತ್ತೇ ಪುರಸೊತ್ತು.

ನಮ್ಮ ಕಡೆ ಸೀರೆಗೆ ಸಾವಿಲ್ಲ. ಉಟ್ಟು ಹಳತಾದರೆ ಮನೆಯಲ್ಲಿ ಉಡುತ್ತಾರೆ, ಮತ್ತೂ ಹಳತಾದರೆ ಕೂಸಿನ ತೊಟ್ಟಿಲಿಗೆ ಕಟ್ಟುತ್ತಾರೆ, ಆಮೇಲೆ ಅದು ಕೌದಿ ಸೇರುತ್ತದೆ. ಹತ್ತಿರದ ಸೂಡಿ ಊರಿನ ಗಂಗವ್ವ ಆ ಕೌದಿ ಹೊಲಿಯುವುದರಲ್ಲಿ ಪಳಗಿದ ಕೈ. ನನ್ನ ಅಂಗಡಿಗೆ ತುಂಡು ಬಟ್ಟೆ ಕೇಳಿಕೊಂಡು ಬರುತ್ತಿದ್ದಳು. ಸುತ್ತಲಿನ ಊರುಗಳಲ್ಲಿ ಅವಳು ಹೊಲಿದ ಕೌದಿ ಹೊದೆಯದ ಮನೆ ಕಡಿಮೆ. ಜೋಳ ಅಳೆದುಕೊಟ್ಟು ಹೊಲಿಸಿಕೊಂಡವರು ಆಮೇಲೆ "ಇದು ನಮ್ಮ ಮನಿ ಕೌದಿ" ಎನ್ನುತ್ತಿದ್ದರೇ ಹೊರತು ಗಂಗವ್ವನ ಕೌದಿ ಎಂದು ಯಾರೂ ಹೇಳಿದ್ದಿಲ್ಲ. ನಾನೂ ಹೇಳಿರಲಿಲ್ಲ.

ಹೀಗಿರುವಾಗ ನಮ್ಮ ಮನೆಯ ಮದುವೆಗೆ ಮೈಸೂರಿನಿಂದ ವಸುಧಾ ಎಂಬ ಹೆಣ್ಣುಮಗಳು ಬಂದಳು. ರಾತ್ರಿ ಹೊದೆಯಲು ಕೊಟ್ಟ ಕೌದಿಯನ್ನು ಬೆಳಿಗ್ಗೆ ಮಡಚಿಡುವ ಬದಲು ಹೆಗಲ ಮೇಲೆ ಹೊದ್ದುಕೊಂಡೇ ಚಹಾ ಕುಡಿದಳು. ಹೆಣ್ಣುಮಕ್ಕಳು ಕೈಯಿಂದ ಮಾಡಿದ ಸಾಮಾನು ಮಾರುವ ಅಂಗಡಿ ಅವಳದು. ಮಾಡಿದವರು ಹೇಳಿದ್ದೇ ಬೆಲೆ, ಚೌಕಾಸಿ ಇಲ್ಲ, ಮಾಡಿದವರ ಹೆಸರು ಸಾಮಾನಿನ ಮೇಲೆ ಇರಲೇಬೇಕು. ಗಿರಾಕಿಯ ಮುಖ ನೋಡಿ ಬೆಲೆ ಹೇಳುತ್ತ ಬಂದ ನನಗೆ ಇದು ವ್ಯಾಪಾರವೋ ವ್ರತವೋ ತಿಳಿಯಲಿಲ್ಲ. ಆದರೂ ಸ್ಕೂಟರಿನ ಹಿಂದೆ ಕೌದಿ ಕಟ್ಟಿಕೊಂಡು ಬಂದು ಬಸ್ಸಿಗೆ ಹಾಕುವ ಕೆಲಸ ಒಪ್ಪಿಕೊಂಡೆ. ಸೂಜಿಗೆ ದಾರ ಪೋಣಿಸಲು ಬಾರದವನಿಗೆ ಇದಕ್ಕಿಂತ ದೊಡ್ಡ ಹುದ್ದೆ ಯಾರು ಕೊಡುತ್ತಾರೆ?

"ಗಂಗವ್ವ, ಮೂಲಿಗೆ ಹೆಸರು ಹೊಲೀಬೇಕಂತ," ಎಂದೆ.

"ನಮ್ಮ ಮನಿಯವರ ಹೆಸರ ಬಾಯಿಲೆ ಹೇಳೂದಿಲ್ಲ ನಾವು. ಸೂಜಿಲೆ ಹ್ಯಾಂಗ ಹೇಳ್ಲಿ, ಸಾವಕಾರ್ರ?"

"ಅವರದಲ್ಲವಾ, ನಿನ್ನ ಹೆಸರು."

ಅವಳು ನಕ್ಕಳು. ಆಮೇಲೆ ನಗು ನಿಲ್ಲಿಸಿ, "ಖರೇನರೀ?" ಎಂದಳು. ಮುಂದಿನ ಸಲ ಹೋದಾಗ ಮೂಲೆಯಲ್ಲಿ ಕೆಂಪು ದಾರದ ಅಕ್ಷರಗಳಿದ್ದವು. 'ಗ' ಬದನೆಕಾಯಿಯಷ್ಟು ದಪ್ಪ. ಕೊನೆಯ 'ವ್ವ' ಜಾಗ ಸಾಲದೆ ಅಂಚು ಹತ್ತಿ ಕೂತಿತ್ತು. ಅವಳು ಅದನ್ನು ಎಲ್ಲರಿಗೂ ತೋರಿಸಿದಳು, ತಾನೂ ಮತ್ತೆ ಮತ್ತೆ ನೋಡಿಕೊಂಡಳು.

ಇನ್ನು ಕೌದಿಯ ಹೊಟ್ಟೆಯ ವಿಚಾರ. ಕೌದಿ ಹೊಲಿದು ಮುಗಿಸುವಾಗ ಕೊನೆಯ ಮೂಲೆಯೊಂದನ್ನು ತುಸು ಬಿಟ್ಟು, ಅದರೊಳಗೆ ಹೋಳಿಗೆಯ ಚೂರಿಟ್ಟು ಹೊಲಿಗೆ ಹಾಕುವುದು ರೂಢಿ. ಕೌದಿ ಹಸಿದಿರಬಾರದು, ಹಸಿದ ಕೌದಿ ಹೊದ್ದವರಿಗೆ ನಿದ್ದೆ ಹತ್ತುವುದಿಲ್ಲ ಎಂಬ ನಂಬಿಕೆ. ಆಮೇಲೆ ಅದನ್ನು ಮಾಳಿಗೆಯ ಬಿಸಿಲಿಗೆ ಹರವುತ್ತಾರೆ, ಒಳಗಿನ ಚೂರು ಒಣಗಿ ಚಕ್ಕೆಯಾಗುತ್ತದೆ. ಆದರೆ ಮೈಸೂರಿಗೆ ಮೊದಲ ಸಲ ಕಳಿಸುವಾಗ ಬಸ್ಸಿಗೆ ಹೊತ್ತಾಯಿತೆಂದು ನಾನು ಅವಸರ ಮಾಡಿದೆ, ಗಂಗವ್ವ ಮತ್ತು ಅವಳ ಜೊತೆ ಹೊಲಿಯುವ ಓಣಿಯ ಹೆಂಗಸರು ತುಪ್ಪ ಸುರಿದ ಬಿಸಿ ಹೋಳಿಗೆಯನ್ನೇ ಇಟ್ಟು ಹೊಲಿದರು. ಬಿಸಿಲಿನ ಮಾತು ಯಾರಿಗೂ ನೆನಪಾಗಲಿಲ್ಲ.

ವಸುಧಾಳ ಫೋನು ಬಂತು. "ಸಾರ್, ನಿಮ್ಮ ಕೌದಿಗಳ ಜೊತೆ ಇರುವೆಗಳ ದಿಬ್ಬಣಾನೂ ಬಂದಿದೆ. ಒಂದರ ಮೂಲೆ ಕತ್ತರಿಸಿ ನೋಡಿದರೆ ಒಳಗೆ ಹೋಳಿಗೆ!" ನಾನು ರೂಢಿ ವಿವರಿಸಿದೆ. ಅವಳು ತಾಳ್ಮೆಯಿಂದ ಕೇಳಿಸಿಕೊಂಡು, "ಒಳಗೆ ಏನೂ ಇಡದೆ ಕಳಿಸಿದರೆ ಮುಂದೆಯೂ ತಗೋತೀನಿ. ಇಲ್ಲಾಂದ್ರೆ ಅಂಗಡೀಲಿ ಇಡೋಕೆ ಆಗಲ್ಲ," ಎಂದಳು. ಉಳಿದವನ್ನು ಒಣಗಿಸಿ ಮಾರಿ, ಕತ್ತರಿ ತಗುಲಿದ ಒಂದನ್ನು ವಾಪಸು ಕಳಿಸಿದಳು. ಬಿಚ್ಚಿ ನೋಡಿದೆ. ಕತ್ತರಿ ಗಂಗವ್ವನ ಹೆಸರಿನ ಮೇಲೆಯೇ ಹಾದುಹೋಗಿತ್ತು. ಅದನ್ನು ಅವಳಿಗೆ ತೋರಿಸಲು ಮನಸ್ಸಾಗದೆ ನಾನೇ ಕೊಂಡು ಮನೆಯಲ್ಲಿಟ್ಟುಕೊಂಡೆ.

ಅಂಗಡಿಯ ಷರತ್ತನ್ನು ಮಾತ್ರ ಸೂಡಿಗೆ ಹೋಗಿ ಹೇಳಿದೆ. ಗಂಗವ್ವ ಸೂಜಿ ಕೆಳಗಿಟ್ಟಳು. "ಹಂಗಾರ ಬ್ಯಾಡ್ರಿ ಸಾವಕಾರ್ರ. ನನ್ನ ಹೆಸರ ಹೊತ್ತು ಹೋಗೂದು ಉಪವಾಸ ಹೋಗಬಾರದು." ಅವಳು ಇಟ್ಟ ಮೇಲೆ ಉಳಿದವರೂ ಇಟ್ಟರು. ಆಗಷ್ಟೇ ಕೌದಿಯ ಮೇಲೆ ಬಂದು ಕೂತ ಆ ಹೆಸರು ಅಷ್ಟಕ್ಕೇ ಎದ್ದು ಹೋಗುತ್ತದಲ್ಲ ಎಂದು ನನಗೆ ಸಂಕಟವಾಯಿತು. ಬುದ್ಧಿ ಉಪಯೋಗಿಸಿ, "ಅರಿಷಿಣ ಕೊಂಬು ಇಡ್ರಿ, ಇರುವಿ ಹತ್ರ ಬರೂದಿಲ್ಲ," ಎಂದೆ.

"ಅರಿಷಿಣ ಕೊಂಬು ತಿಂದು ನೀವು ಮಲಗ್ತೀರೇನ್ರಿ?"

ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ನಗು ಮುಗಿಯುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಬಂದವರನ್ನು ಬರಿಹೊಟ್ಟೆಯಲ್ಲಿ ಕಳಿಸುವ ಊರಲ್ಲ ಅದು. ಮೂಲೆಯೊಂದು ಬಾಕಿಯಿದ್ದ ಕೌದಿಯ ಮೇಲೆಯೇ ನನ್ನನ್ನು ಕೂರಿಸಿ, ಅದಕ್ಕೆಂದು ಮಾಡಿಟ್ಟಿದ್ದ ಹೋಳಿಗೆಯನ್ನೇ ಬಡಿಸಿದರು. ದುಃಖದಲ್ಲೂ ನನ್ನ ಊಟಕ್ಕೆ ಕುಂದು ಬರುವುದಿಲ್ಲ. ಕೈ ತೊಳೆದುಕೊಂಡು ಬಂದು ನೋಡಿದರೆ ಗಂಗವ್ವ ಆ ಮೂಲೆಯನ್ನು ಹೊಲಿಯುತ್ತಿದ್ದಾಳೆ!

"ಒಳಗ ಏನಿಟ್ಟಿ?" ಎಂದೆ.

"ಏನೂ ಇಲ್ರಿ. ಇದರ ಮ್ಯಾಲೆ ಕುಂತು ನೀವು ಹೊಟ್ಟಿ ತುಂಬ ಉಂಡ್ರಿ. ಇದರ ಹೊಟ್ಟೀನೂ ತುಂಬಿತು. ದೇವ್ರಿಗೆ ಎಡಿ ಹಿಡದ ಮ್ಯಾಲೆ ತಿನ್ನವ್ರು ನಾವ ಅಲ್ಲೇನ್ರಿ?"

ಅಂದಿನಿಂದ ಕೌದಿಗಳ ಪರವಾಗಿ ಹೋಳಿಗೆ ತಿನ್ನುವ ಹೊಣೆ ನನ್ನ ಮೇಲೆ ಬಿತ್ತು. ಮೈಸೂರಿಗೆ ಹೋದ ಪ್ರತಿ ಕೌದಿಯ ಹಿಂದೆ ನನ್ನ ಹೊಟ್ಟೆಯ ಸೇವೆಯಿದೆ. ವ್ಯಾಪಾರ ಬೆಳೆಯಿತು, ಹೊಟ್ಟೆಯೂ ಬೆಳೆಯಿತು. ಕೊನೆಗೆ ಡಾಕ್ಟರು ಸಕ್ಕರೆ ಕಾಯಿಲೆ ಎಂದು ಕೈ ಕಟ್ಟಿಹಾಕಿದರು. ಈಗ ಆ ಕೆಲಸ ಮನೆಗೆ ಬಂದ ನೆಂಟರದು. ಸೂಡಿಯಲ್ಲಿ ಕೌದಿ ಮುಗಿಯುವ ದಿನ ನೆಂಟರಿಗೇನೂ ಬರಗಾಲವಿಲ್ಲ.

ಮೊನ್ನೆ ಹೆಬ್ಬೆರಳು ಸಿಕ್ಕಿಕೊಂಡದ್ದು ಆ ಕತ್ತರಿ ತಗುಲಿದ ಮೂಲೆಯಲ್ಲಿಯೇ. ಇನ್ನು ಮುಚ್ಚಿಡುವುದು ಬೇಡವೆನಿಸಿತು. ನಿನ್ನೆ ಹೆಂಡತಿ ಹೋಳಿಗೆ ಮಾಡಿ ಡಬ್ಬಿಗೆ ತುಂಬಿಕೊಂಡಳು, ಇಬ್ಬರೂ ಸ್ಕೂಟರಿನಲ್ಲಿ ಸೂಡಿಗೆ ಹೋದೆವು. ಗಂಗವ್ವ ಕೌದಿ ಬಿಡಿಸಿ, ತುಂಡಾದ ಕೆಂಪು ದಾರದ ಮೇಲೆ ಬೆರಳಾಡಿಸಿದಳು. ಸುದ್ದಿಯನ್ನೆಲ್ಲ ಹೇಳಿ ತಲೆ ತಗ್ಗಿಸಿ ನಿಂತೆ.

"ಅವರಿಗೇನ್ ಗೊತ್ತು ಪಾಪ, ಕತ್ತರಿ ಹಾಕ್ಯಾರ," ಎಂದಳು. "ಗೊತ್ತಿದ್ದವ್ರು ನೀವು, ಇಷ್ಟ ವರ್ಷ ಇದನ್ನ ಉಪವಾಸ ಕೆಡವೀರಲ್ರೀ!"

ಹೋಳಿಗೆಯಿತ್ತು, ತಿನ್ನುವವರು ಯಾರು? ನನಗೆ ಸಕ್ಕರೆ ನಿಷೇಧ. "ನೀನ ಕುಂದ್ರ ಗಂಗವ್ವ," ಎಂದಳು ನನ್ನ ಹೆಂಡತಿ.

"ನನ್ನ ಹೆಸರಿನ ಕೌದಿ ಮ್ಯಾಲೆ ನಾ ಒಮ್ಮೆನೂ ಕುಂತು ಉಂಡಿಲ್ರಿ, ಅಕ್ಕಾರ," ಎಂದು ಸಂಕೋಚಪಟ್ಟಳು. ಆಮೇಲೆ ಕಾಲು ತೊಳೆದುಕೊಂಡು ಬಂದು ಕೌದಿಯ ನಟ್ಟನಡುವೆ ಚಕ್ಕಳಮಕ್ಕಳ ಹಾಕಿ ಕೂತಳು. ತುಪ್ಪ ಬಡಿಸಿದವನು ನಾನು. ನಿಧಾನವಾಗಿ ತಿಂದು, "ಬೆಲ್ಲ ತುಸು ಕಮ್ಮಿ ಆಗೇತಿ," ಎಂದಳು. ಹೋಳಿಗೆಯ ವಿಷಯದಲ್ಲಿ ನನ್ನಿಂದ ಒಂದು ಮಾತೂ ಕೇಳದ ಹೆಂಡತಿ "ಹೌದು ನೋಡು" ಎಂದು ಒಪ್ಪಿಕೊಂಡಳು. ಗಂಗವ್ವ ಮೂಲೆ ಮುಚ್ಚಿ ಹೆಸರನ್ನು ಹೊಸದಾಗಿ ಹೊಲಿದಳು. ಈ ಸಲ 'ವ್ವ'ಕ್ಕೂ ಸರಿಯಾಗಿ ಜಾಗ ಸಿಕ್ಕಿತು.

ಇವತ್ತು ಮಧ್ಯಾಹ್ನ ಮತ್ತೆ ಅಡ್ಡಾದೆ. ರೂಢಿಯಂತೆ ಕಾಲಿನ ಹೆಬ್ಬೆರಳು ಹರಕನ್ನು ಹುಡುಕಿತು, ಸಿಗಲಿಲ್ಲ. ಬದಲಿಗೆ ದಪ್ಪ ದಾರದ ಉಬ್ಬು ತಗುಲಿತು. ಗಾಬರಿಯಾಗಿ ಎದ್ದು ಕೂತೆ. ಕೌದಿಯನ್ನು ತಿರುಗಿಸಿ, ಹೆಸರಿದ್ದ ಮೂಲೆ ತಲೆಯ ಕಡೆಗೆ ಬರುವಂತೆ ಹೊದ್ದುಕೊಂಡು ಮಲಗಿದೆ.