ಹುಳು ಹಣ್ಣಾದ ಭಾನುವಾರ

ಮೂರನೇ ಕಂಪ್ಯೂಟರಿನ ಕೀಬೋರ್ಡಿನಲ್ಲಿ, ಉದ್ದನೆಯ ಸ್ಪೇಸ್ ಕೀಲಿಯ ಅಂಚಿಗೆ, ಹಿಪ್ಪುನೇರಳೆ ಎಲೆಯ ಒಂದು ಒಣ ಚೂರು ಸಿಕ್ಕಿಕೊಂಡಿತ್ತು. ಉಗುರಿಗಿಂತ ಚಿಕ್ಕದು. ದಿನವೂ ನೋಡುತ್ತಿದ್ದೆ, ತೆಗೆಯುತ್ತಿರಲಿಲ್ಲ.

ಚನ್ನಪಟ್ಟಣದ ಒಂದು ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿ ದೂರಶಿಕ್ಷಣ ಕೇಂದ್ರವಿತ್ತು. ಎಂ.ಎ. ಮುಗಿಸಿದ ಮರುವರ್ಷ ನಾನು ಅಲ್ಲಿ ಅರ್ಥಶಾಸ್ತ್ರ ಹೇಳಿಕೊಡಲು ಸೇರಿದ್ದೆ. ವಿಶ್ವವಿದ್ಯಾಲಯವು ಪಾಠ, ಪರೀಕ್ಷೆ ಎರಡನ್ನೂ ಆಗತಾನೆ ಇಂಟರ್ನೆಟ್ಟಿಗೆ ತಂದಿತ್ತು. ಮನೆಯಲ್ಲಿ ಕಂಪ್ಯೂಟರ್ ಇಲ್ಲದವರು ನಮ್ಮ ಆರು ಕಂಪ್ಯೂಟರುಗಳ ಮುಂದೆ ಕೂರುತ್ತಿದ್ದರು. ಬೆಂಗಳೂರಿನಿಂದ ಪಾಠ ಮಾಡುವ ಮೇಷ್ಟರು ಪರದೆಯ ಮೂಲೆಯಲ್ಲಿ ಅಂಚೆಚೀಟಿಯಷ್ಟು ಕಾಣುತ್ತಿದ್ದರು, ಮಾತಿನ ನಡುವೆ ಆಗಾಗ ಬಾಯಿ ತೆರೆದಂತೆಯೇ ನಿಂತುಬಿಡುತ್ತಿದ್ದರು. ಅವರ ಮಾತನ್ನು ಪೂರ್ತಿ ಮಾಡುವುದು ನನ್ನ ಕೆಲಸ.

ಮೂರನೇ ಕಂಪ್ಯೂಟರು ಹೊಂಗನೂರಿನ ಒಬ್ಬ ಗೃಹಿಣಿಯದು. ನನಗಿಂತ ಹತ್ತು ವರ್ಷ ದೊಡ್ಡವರು. ಬೆಳಿಗ್ಗೆ ರೇಷ್ಮೆ ಹುಳುವಿಗೆ ಸೊಪ್ಪು ಹಾಕಿ ನೇರವಾಗಿ ಬಸ್ಸು ಹತ್ತಿ ಬರುತ್ತಿದ್ದರು. ಎಲೆಯ ಚೂರು ಅವರ ಸೆರಗಿನದು. ಪಾಠ ಮುಗಿದಾಗ, ನಿಂತುಹೋದ ಮೇಷ್ಟರ ಚಿತ್ರಕ್ಕೆ ಅವರು ತಪ್ಪದೆ "ಬತ್ತೀನಿ ಸಾ" ಎಂದು ಹೇಳಿಯೇ ಏಳುತ್ತಿದ್ದರು.

ಅವರ ಬಿ.ಎ.ಗೆ ಉಳಿದಿದ್ದು ನನ್ನ ವಿಷಯವೊಂದೇ. ಹಿಂದಿನ ವರ್ಷ ಪರೀಕ್ಷೆಯ ದಿನವೇ ಹುಳು ಹಣ್ಣಾಗಿ, ಅಂದರೆ ಗೂಡು ಕಟ್ಟುವ ಹದಕ್ಕೆ ಬಂದು, ಅವರು ಬಂದಿರಲಿಲ್ಲ. ಈ ಸಲವೂ ತಪ್ಪಿದರೆ ನೋಂದಣಿ ರದ್ದಾಗಿ ಮೊದಲಿನಿಂದ ಸೇರಬೇಕಿತ್ತು. ಹೊಸ ಪದ್ಧತಿಯಲ್ಲಿ ಒಂದು ಅನುಕೂಲವಿತ್ತು. ಒಂದು ತಿಂಗಳೊಳಗೆ ಯಾವ ದಿನ ಬರೆಯಬೇಕೆಂದು ಅವರವರೇ ಆರಿಸಿಕೊಳ್ಳಬಹುದು. ಒಮ್ಮೆ ಒತ್ತಿದರೆ ಬದಲಿಸುವಂತಿಲ್ಲ.

ಅವರು ಬೆರಳು ಮಡಿಚಿ ಲೆಕ್ಕ ಹಾಕಿದರು. "ಚಾಕಿ ಮರಿ ಹುಳ ತಂದು ಆರು ದಿನ ಆಯ್ತು ಮೇಡಂ. ಹದಿನೇಳನೇ ದಿನಕ್ಕೆ ಹಣ್ಣಾಯ್ತವೆ. ಅದಾದ ಎರಡು ದಿನಕ್ಕೆ ಹಾಕ್ಬುಡಿ, ನಿಸೂರಾಗಿ ಬಂದು ಬರಿತೀನಿ."

ನಾನೂ ಮನಸ್ಸಿನಲ್ಲೇ ಎಣಿಸಿದೆ. "ಲೆಕ್ಕ ಸರಿಯಾಗಿದೆ" ಎಂದೆ. ಆ ದಿನ ಭಾನುವಾರ ಬೀಳುತ್ತಿತ್ತು. ಒತ್ತಿದೆ.

ನನಗೆ ಆ ಲೆಕ್ಕ ಹೇಗೆ ಗೊತ್ತು ಎಂದು ಅವರು ಕೇಳಲಿಲ್ಲ. ಕೇಂದ್ರದಲ್ಲಿ ಯಾರಾದರೂ ಊರು ಕೇಳಿದರೆ ನಾನು "ಇಲ್ಲೇ ಹತ್ತಿರ" ಎಂದು ಸುಮ್ಮನಾಗುತ್ತಿದ್ದೆ. ನಾಚಿಕೆಯೇನಲ್ಲ. ನನ್ನ ಮನೆಯ ವಿಷಯ ನನ್ನಲ್ಲೇ ಇರಲಿ ಎಂಬುದು ನನ್ನ ಸ್ವಭಾವ, ಅಷ್ಟೆ.

ಮುಂದಿನ ವಾರ ಮೋಡ ಕವಿದು ಥಂಡಿ ಹಿಡಿಯಿತು. ಛತ್ರಿ ಬಿಚ್ಚುವಾಗಲೇ ನನಗೆ ಹೊಳೆಯಬೇಕಿತ್ತು, ಹೊಳೆಯಲಿಲ್ಲ.

ಭಾನುವಾರ ಬೆಳಿಗ್ಗೆ ಏಳಕ್ಕೆ ಫೋನು ಬಂತು.

"ಮೇಡಂ, ಕೆಟ್ಟೆ. ಥಂಡಿಗೆ ಹುಳ ಎರಡು ದಿನ ತಡ ಆಗಿ ಇವತ್ತೇ ಹಣ್ಣಾಗ್ಬುಟ್ಟವೆ. ಇಡೀ ಬೀದೀಲಿ ಎಲ್ರೂ ಒಂದೇ ದಿನ ಚಾಕಿ ತಂದಿರದು, ಎಲ್ರ ಮನೇಲೂ ಇದೇ ಗೋಳು. ಹುಳ ಆಯಕ್ಕೆ ಮುಯ್ಯಾಳು ಅಂತ ಯಾರ್ನ ಕರಿಲಿ? ನಮ್ಮನೆಯವ್ರಿಗೆ ಹಾರೋಹಳ್ಳಿ ಫ್ಯಾಕ್ಟ್ರೀಲಿ ಪಾಳಿ ಐತೆ. ಅತ್ತೆ ಒಬ್ರೇ."

ಪರೀಕ್ಷೆ ಹನ್ನೊಂದಕ್ಕೆ. ಹಣ್ಣಾದ ಹುಳುವನ್ನು ಮಧ್ಯಾಹ್ನದವರೆಗೆ ಬಿಟ್ಟರೆ ಸೊಪ್ಪಿನ ಕಡ್ಡಿಯಲ್ಲೇ ನೂಲು ಸುತ್ತಿಕೊಂಡು ಬೆಳೆ ಹಾಳಾಗುತ್ತದೆ. ಇತ್ತ, ನಾವು ಹೇಳಿಕೊಟ್ಟ ವಿಷಯದ ಪರೀಕ್ಷೆ ನಡೆಯುವಾಗ ನಾವು ಕೇಂದ್ರದಲ್ಲಿ ಇರಕೂಡದೆಂಬ ನಿಯಮವಿತ್ತು. ಆ ದಿನ ನನಗೆ ಮಾಡಲು ಬೇರೆ ಕೆಲಸವಿರಲಿಲ್ಲ.

"ನೀವು ಸ್ನಾನ ಮಾಡಿ ಹೊರಡಲು ಸಿದ್ಧರಾಗಿ," ಎಂದೆ. "ಒಂಬತ್ತರೊಳಗೆ ನಾನು ಅಲ್ಲಿರುತ್ತೇನೆ."

ಮುಖಕ್ಕೆ ಹಾಕಿದ್ದ ಪೌಡರನ್ನು ಸೋಪು ಹಚ್ಚಿ ತೊಳೆದುಕೊಂಡೆ. ವಾಸನೆಯೆಂದರೆ ಹುಳುವಿಗೆ ಆಗುವುದಿಲ್ಲ.

ಹೊಂಗನೂರಿನಲ್ಲಿ ಅವರ ಅತ್ತೆ ಬಾಗಿಲಲ್ಲೇ ನಿಂತಿದ್ದರು. ಸೊಸೆ ಮಾತ್ರ ಒಳಗೆ ಹುಳು ಆಯುತ್ತಲೇ ಇದ್ದರು.

"ಏಳಮ್ಮಿ ಮೇಲಕ್ಕೆ! ಹೋದ್ ವರ್ಸ ಹಿಂಗೇ ಕುಂತ್ಕಂಡು, ಆಮೇಲೆ ಒಂದು ತಿಂಗಳು ಮಕ ಊದಿಸ್ಕಂಡು ಓಡಾಡ್ದೆ. ಇನ್ನೊಂದ್ಸಲ ಆ ಮಕ ನೋಡಕ್ಕೆ ನನ್ ಕೈಲಾಗಲ್ಲ."

"ಮೇಡಂ ಕೈಲಿ ಹುಳ ಆಯ್ಸದ ಅತ್ತೆ?"

"ಅವ್ರು ನಿನ್ನ ಆ ಪೆಟ್ಗೆ ಮುಂದೆ ಕೂರ್ಸಿಲ್ವಾ? ನಾನು ಅವ್ರನ್ನ ಈ ಹುಳದ ತಟ್ಟೆ ಮುಂದೆ ಕೂರುಸ್ತೀನಿ. ಬಸ್ಸು ಹೋಯ್ತದೆ, ನಡಿ."

ಸೊಸೆ ನನ್ನ ಕೈಯನ್ನು ಒಮ್ಮೆ ಗಟ್ಟಿಯಾಗಿ ಹಿಡಿದು, ಚಪ್ಪಲಿ ಮೆಟ್ಟಿ ಬಸ್ಸಿಗೆ ಓಡಿದರು.

ನಾನು ಕಾಲು ತೊಳೆದು ಹುಳುವಿನ ಮನೆಗೆ ಹೋದೆ. ಹಣ್ಣಾದ ಹುಳು ಸೊಪ್ಪು ಬಿಟ್ಟು ತಲೆಯೆತ್ತಿ ಆಚೀಚೆ ಹುಡುಕಾಡುತ್ತದೆ, ಮೈ ಬೆಳಕು ಹಾಯುವಂತೆ ಹೊನ್ನಿನ ಬಣ್ಣಕ್ಕೆ ತಿರುಗಿರುತ್ತದೆ. ಇನ್ನೂ ಹಸಿರಾಗಿರುವುದನ್ನು ಮುಟ್ಟಬಾರದು. ಹಣ್ಣಾದದ್ದನ್ನು ಮೆಲ್ಲಗೆ ಎತ್ತಿ ಚಂದ್ರಂಕಿಗೆ, ಅಂದರೆ ಗೂಡು ಕಟ್ಟುವ ಬಿದಿರಿನ ಸುರುಳಿ ತಟ್ಟಿಗೆ ಬಿಡಬೇಕು. ಆರು ವರ್ಷಗಳಿಂದ ನಾನು ಈ ಕೆಲಸ ಮಾಡಿರಲಿಲ್ಲ. ಐದು ನಿಮಿಷ ಬೆರಳು ತಡವರಿಸಿತು, ಆಮೇಲೆ ನನ್ನನ್ನು ಕೇಳದೆ ತಾನೇ ಓಡತೊಡಗಿತು.

ಅತ್ತೆ ನನ್ನ ಬೆರಳನ್ನೇ ನೋಡುತ್ತಾ ಕೇಳಿದರು.

"ಯಾವೂರ್ ಕಣವ್ವ ನಿಂದು?"

"ಅಕ್ಕೂರು."

"ಅಂಗನ್ನು ಮತ್ತೆ, ಹುಳ ಸಾಕೋರ್ ಊರು! ಮೇಡಮ್ಮೋರು ಹುಳ ಮುಟ್ಟಿ ಕಿರಿಚ್ಕತಾರೆ ಅಂತ ಒಂದು ಚೆಂಬು ನೀರು ತಂದಿಟ್ಕಂಡಿದ್ದೆ." ನಕ್ಕು ನಕ್ಕು ಅವರಿಗೆ ಕೆಮ್ಮು ಬಂತು. ಆ ನೀರನ್ನು ಅವರೇ ಕುಡಿದರು. "ಹುಳ ಆಯೋಳು ಕಂಪ್ಯೂಟ್ರು ಒತ್ತಕ್ಕೆ ಹೋದ್ಲು, ಕಂಪ್ಯೂಟ್ರು ಒತ್ತೋಳು ಹುಳ ಆಯಕ್ಕೆ ಬಂದ್ಲು. ಚೆನ್ನಾಗೈತೆ ನಿಮ್ ಕಾಲೇಜು!"

ನಾನೂ ನಕ್ಕೆ. ಅಷ್ಟು ಜೋರಾಗಿ ನಾನು ಕೇಂದ್ರದಲ್ಲಿ ಎಂದೂ ನಕ್ಕಿರಲಿಲ್ಲ. ಆಮೇಲೆ ಅವರು ಕೇಳಿದ್ದಕ್ಕೆಲ್ಲ ಹೇಳಿದೆ: ನಮ್ಮ ತೋಟ ಎಷ್ಟು, ಅವ್ವ ಈಗಲೂ ಸಾಕುತ್ತಾರಾ, ನನಗೆ ಗಂಡು ಯಾಕೆ ನೋಡಿಲ್ಲ. ಕೊನೆಯದಕ್ಕೆ ಮಾತ್ರ ಇನ್ನೊಂದು ತಟ್ಟೆ ಎಳೆದುಕೊಂಡೆ.

ಹನ್ನೆರಡಕ್ಕೆ ಕರೆಂಟು ಹೋಯಿತು. ಚನ್ನಪಟ್ಟಣದಲ್ಲೂ ಹೋಗಿದ್ದರೆ? ಕೇಂದ್ರದ ಯುಪಿಎಸ್ ನಲವತ್ತು ನಿಮಿಷ ಎಳೆಯುತ್ತಿತ್ತು. ಪರೀಕ್ಷೆ ಮುಗಿಯುವುದು ಒಂದು ಗಂಟೆಗೆ. ಕೈ ಆಯುತ್ತಲೇ ಇತ್ತು, ನನ್ನ ಮನಸ್ಸು ಮೂರನೇ ಕಂಪ್ಯೂಟರಿನ ಮುಂದಿತ್ತು. ಕೊನೆಯ ತಟ್ಟೆ ಮುಗಿಸಿ ನಾವಿಬ್ಬರೂ ಜಗುಲಿಯ ಮೇಲೆ ಫೋನನ್ನು ನಡುವೆ ಇಟ್ಟುಕೊಂಡು ಕೂತೆವು.

ಒಂದೂ ಹತ್ತಕ್ಕೆ ಅದು ಬಡಿದುಕೊಂಡಿತು.

"ಮೇಡಂ, ಪಾಸು! ಅಂಕ ಅಲ್ಲೇ ಬಂದ್ಬುಡ್ತು, ಅರವತ್ತೆರಡು! ಕರೆಂಟು ಹೋಗಿತ್ತು, ಯುಪಿಎಸ್ಸು ಕುಯ್ಯ್ ಕುಯ್ಯ್ ಅಂತಿತ್ತು, ಬುಡದೆ ಒತ್ತಿದೆ. ಹುಳ ಏನಾದ್ವು?"

"ಎಲ್ಲಾ ಚಂದ್ರಂಕಿ ಸೇರಿದವು."

ಅತ್ತೆ ಫೋನು ಕಿತ್ತುಕೊಂಡರು. "ಅರವತ್ತೆರಡೇನಾ? ಮಿಕ್ಕಿದ್ದೆಲ್ಲಿ ಬುಟ್ಟೆ, ಬಸ್ಸಲ್ಲಾ? ಬಾ ಮನೆಗೆ, ಕೋಳಿ ಕುಯ್ಯಿಸ್ತೀನಿ. ಈ ಅಕ್ಕೂರ್ ಹುಡ್ಗೀನೂ ಉಂಡೇ ಹೋಗದು." ಹೇಳುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡರು.

ಉಂಡೆ. ಎರಡನೇ ಮುದ್ದೆ ಬೇಡವೆಂದೆ, ಯಾರೂ ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಕೇಂದ್ರಕ್ಕೆ ಹೋಗಿ ಬಾಗಿಲು ತೆಗೆದೆ. ಪರೀಕ್ಷೆಯ ದಿನ ಆರಿಸಿಕೊಳ್ಳುವವರ ಹೆಸರು ಬರೆಯುವ ರಿಜಿಸ್ಟರು ತೆಗೆದು, ಅಡಿಕೋಲಿಟ್ಟು ಹೊಸದೊಂದು ಕಾಲಂ ಎಳೆದು, ಮೇಲೆ "ಚಾಕಿ ತಂದ ದಿನ" ಎಂದು ಬರೆದೆ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ: "ಥಂಡಿಯಿದ್ದರೆ ಎರಡು ದಿನ ಸೇರಿಸಿ."