ಜಗಲಿ ಬಿಡದ ರಾಜ

ಗೆಳೆಯರೇ, ಸಾರವಾಡದ ಗಂಗವ್ವಜ್ಜಿ ಇವತ್ತೂ ನನ್ನನ್ನು ಬರಿಗೈಯಲ್ಲಿ ಕಳಿಸಿದಳು.

ನನಗೆ ಬ್ರಿಟಿಷರ ಕಾಲದ ನೋಟು ಕೂಡಿಡುವ ಹುಚ್ಚು. ಅಜ್ಜಿಯ ಮನೆಯ ದೇವರ ಜಗಲಿಯ ಮೇಲೆ, ಲಕ್ಷ್ಮಿ ಫೋಟೋದ ಪಕ್ಕದಲ್ಲಿ, ಜಾರ್ಜ್ ರಾಜನ ಹತ್ತು ರೂಪಾಯಿ ನೋಟಿದೆ. ಆಕೆಯ ಅತ್ತೆಯ ಕಾಲದಿಂದಲೂ ದೀಪಾವಳಿಗೆ ಅದನ್ನು ಪೂಜಿಸಿ ಪೂಜಿಸಿ ರಾಜನ ಹಣೆ ತುಂಬ ಕುಂಕುಮ. ಕಲೆಯಾದ ನೋಟನ್ನು ಸಂಗ್ರಹಕಾರರು ಮುಟ್ಟುವುದಿಲ್ಲ, ನಿಜ. ಆದರೆ ಕುಂಕುಮ ಇಟ್ಟುಕೊಂಡ ಇಂಗ್ಲೆಂಡಿನ ರಾಜ ಇನ್ಯಾರ ಆಲ್ಬಮಿನಲ್ಲಿದ್ದಾನೆ ಹೇಳಿ? ನನಗೆ ಅವನೇ ಬೇಕು.

"ಲಕ್ಷ್ಮೀನ ಯಾರರ ಮಾರತಾರೇನೋ ತಮ್ಮಾ? ಜಗಲಿ ಖಾಲಿ ಬಿಡಬಾರದು," ಎಂದಳು ಅಜ್ಜಿ.

"ಮಾರಬ್ಯಾಡ್ರಿ ಯವ್ವಾ, ಬದಲಿ ಮಾಡೂಣ್ರಿ," ಎಂದು ಗರಿಗರಿಯಾದ ಐನೂರರ ನೋಟು ಮುಂದೆ ಹಿಡಿದೆ.

ಅಜ್ಜಿ ಅದರಲ್ಲಿದ್ದ ಗಾಂಧಿಯಜ್ಜನನ್ನು ನೋಡಿ ಕೈಮುಗಿದಳು. ಮುಗಿದು, ನೋಟನ್ನು ನನಗೇ ವಾಪಸ್ ಕೊಟ್ಟಳು.

"ಈ ಮುತ್ಯಾ ದೊಡ್ಡಾಂವ, ಖರೆ. ಆದ್ರ ಎಲ್ಲಾ ಬಿಟ್ಟು ಒಂದ್ ಧೋತರದಾಗ ಇದ್ದಾಂವ ನಮ್ಮ ಮನಿಗಿ ಸಿರಿ ಎಲ್ಲಿಂದ ತರತಾನ? ಇಂವನ್ನ ನೋಡು, ಕಿರೀಟ ಹಾಕ್ಕೊಂಡಾನ!"

"ಯವ್ವಾ, ಆ ಕಿರೀಟದಾಂವನ್ನ ದೇಶಾ ಬಿಟ್ಟು ಓಡಿಸಿದಾಂವ ಇದ ಮುತ್ಯಾ ಅಲ್ಲೇನ್ರಿ?"

"ಓಡಿಸಿರಬೇಕಪಾ. ನಮ್ಮ ಮನಿ ಬಿಟ್ಟು ಅಂತೂ ಹೋಗಿಲ್ಲ. ಚಾ ಕುಡಿ."

ಚಹಾ ಕುಡಿದು ವಿಜಯಪುರದ ಬಸ್ಸು ಹತ್ತಿದೆ. ಆದರೆ ನಾನು ಬಿಡುವವನಲ್ಲ. ಸೋಮವಾರ ಮತ್ತೆ ಹೋಗಿ ಅಜ್ಜಿಯ ಬಾಗಿಲಲ್ಲಿ ಸತ್ಯಾಗ್ರಹಕ್ಕೆ ಕೂರುತ್ತೇನೆ. ಮುತ್ಯಾ ಅರ್ಧಕ್ಕೇ ಬಿಟ್ಟ ಕೆಲಸ, ಯಾರಾದರೂ ಮುಗಿಸಬೇಕಲ್ಲ!