ಬೀಸೋ ಪದ ಎಲ್ಲಿತ್ತು?

ಬೀಸೋ ಪದಗಳ ಮೇಲೆ ಸಂಶೋಧನೆ ಮಾಡ್ತೀನಿ ಅಂತ ನಾನು ಹಟ ಹಿಡಿದಿದ್ದ ಕಾಲ ಅದು. ನಮ್ಮ ಗುಬ್ಬಿ ಕಡೆ ಹಾಡಿಗೆ ಪದ ಅಂತೀವಿ; ರಾಗಿ ಬೀಸುತ್ತಾ ಹೆಂಗಸರು ಹೇಳೋದು ಬೀಸೋ ಪದ. ಒಂದಾದರೂ ಪುಸ್ತಕ ತೋರಿಸು, ಇಲ್ಲದಿದ್ದರೆ ವಿಷಯ ಬದಲಾಯಿಸು ಅಂತ ಗೈಡ್ ಹೇಳಿಬಿಟ್ಟಿದ್ದರು.

ತುಮಕೂರಿನ ಒಂದು ಲೈಬ್ರರಿಯಲ್ಲಿ ವಿಷಯವಾರು ಕಾರ್ಡುಗಳ ಡ್ರಾಯರುಗಳನ್ನು ಒಂದೊಂದಾಗಿ ಎಳೆದೆ. ಜಾನಪದದಲ್ಲಿ ಇಲ್ಲ, ಹಾಡಿನಲ್ಲಿ ಇಲ್ಲ, ಸಂಗೀತದಲ್ಲೂ ಇಲ್ಲ. ಕೊನೆಗೆ ಲೈಬ್ರರಿಯನ್ ಮೇಡಂ ಹತ್ತಿರ ಹೋಗಿ, "ಪದಗಳ ಪುಸ್ತಕ ಬೇಕಿತ್ತು" ಅಂದೆ. ಅವರು ಸೀದಾ ವ್ಯಾಕರಣದ ಡ್ರಾಯರ್ ಎಳೆದರು.

ನನಗೆ ರೇಗಿತು. "ಈ ಪದ ಅಲ್ಲ ಮೇಡಂ, ಹಾಡೋ ಪದ!"

"ಹಾಡು ಅಂತ ಹೇಳ್ಬೇಕು ತಾನೇ?" ಅನ್ನುತ್ತಾ ಡ್ರಾಯರ್ ಮುಚ್ಚಲು ಹೋದವರು ಹಾಗೇ ನಿಂತರು. ಸಂಧಿ ಸಮಾಸಗಳ ನಡುವೆ ಒಂದು ಕಾರ್ಡು: 'ಬೀಸುವ ಪದಗಳು'. ಯಾರೋ ಪುಣ್ಯಾತ್ಮರು ಬರೀ ಹೆಸರು ನೋಡಿ ಅದನ್ನು ವ್ಯಾಕರಣಕ್ಕೆ ಸೇರಿಸಿದ್ದರು!

ಮೇಡಂ ಪುಸ್ತಕ ಹುಡುಕಿ ತಂದು ಎರಡು ಪುಟ ತಿರುಗಿಸಿದರು. "ಅಯ್ಯೋ, ಇದು ಕುಣಿಗಲ್‌ನಲ್ಲಿ ನಮ್ಮಜ್ಜಿ ಹೇಳ್ತಿದ್ದ ಪದ ಕಣಮ್ಮಾ!" ಅಂದವರೇ 'ನಿಶ್ಶಬ್ದ' ಅನ್ನೋ ಬೋರ್ಡಿನ ಕೆಳಗೇ ನಿಂತು ಹಾಡತೊಡಗಿದರು. ಪೇಪರ್ ಓದುತ್ತಿದ್ದವರೆಲ್ಲ ತಲೆಯೆತ್ತಿದರು. ನಾನೂ ದನಿಗೂಡಿಸಿದೆ.

ಕೆಲವು ವರ್ಷದ ಮೇಲೆ ಅಲ್ಲಿಗೆ ಕಂಪ್ಯೂಟರ್ ಬಂತು. ಆಸೆಯಿಂದ 'ಬೀಸೋ ಪದ' ಅಂತ ಹೊಡೆದೆ. "ಈ ಪದ ಸಿಗಲಿಲ್ಲ" ಅಂತು. ಅದಕ್ಕೆಲ್ಲಿ ಅಜ್ಜಿ, ಪಾಪ!